ಮಗು ಯಾರ ಹತ್ತಿರ?

10 ಜೂನ್ 2025, ಮಂಗಳವಾರ. ಥಾರ್ನ್ಲಿ, ಪರ್ತ್, ಪಶ್ಚಿಮ ಆಸ್ಟ್ರೇಲಿಯಾ

ಮೊನ್ನೆ ಭಾನುವಾರದಿಂದ ಇಲ್ಲಿಯ ರೈಲು ಮತ್ತೆ ಓಡಲು ಶುರುವಾಗಿದೆ, ಹಳಿ ಈಗ ಕಾಕ್‌ಬರ್ನ್‌ವರೆಗೂ ಹೋಗುತ್ತದಂತೆ. ಮಗ ಏಳಕ್ಕೇ ಸ್ಟೇಷನ್ನಿಗೆ ಹೊರಟ. ಸೊಸೆ ರಾತ್ರಿ ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಮಲಗುವ ಮೊದಲು ಮಗುವನ್ನು ನನಗೆ ಒಪ್ಪಿಸಿದಳು. ಒಪ್ಪಿಸಿದಳು ಎಂದೇ ಬರೆಯಬೇಕು. ಏನು ತಿಂದ, ಎಷ್ಟು ಹೊತ್ತಿಗೆ ಎದ್ದ, ಬಚ್ಚಲ ಬಾಗಿಲು ಹಾಕಿದೆಯೋ ಇಲ್ಲವೋ ಎಲ್ಲ ಹೇಳಿ, "ಅತ್ತೆ, ಈಗ ಪುಟ್ಟ ನಿಮ್ಮ ಹತ್ತಿರ" ಎಂದಳು. ನಾನು "ಹೂಂ, ನನ್ನ ಹತ್ತಿರ" ಎನ್ನುವ ತನಕ ಅಲ್ಲೇ ನಿಂತಿದ್ದಳು. ಅವಳ ಆಸ್ಪತ್ರೆಯಲ್ಲಿ ನರ್ಸುಗಳು ಪಾಳಿ ಬದಲಾಗುವಾಗ ರೋಗಿಯನ್ನು ಹೀಗೇ ಒಪ್ಪಿಸುತ್ತಾರಂತೆ.

ಹಾಸನದ ನಮ್ಮ ಮನೆಯಲ್ಲಿ ಮಗುವನ್ನು ಯಾರೂ ಯಾರಿಗೂ ಒಪ್ಪಿಸುತ್ತಿರಲಿಲ್ಲ. ಅದು ಹಜಾರದಲ್ಲಿರುತ್ತಿತ್ತು, ಎಲ್ಲರದೂ ಆಗಿರುತ್ತಿತ್ತು. ಇವಳ ರೀತಿ ನನಗೆ ಹಿಡಿಸಿತು. ಒಂದೂವರೆ ವರ್ಷ ತುಂಬದ ಕೂಸು, ನಡಿಗೆ ಬಂದು ಓಟಕ್ಕೆ ಬಿದ್ದಿದೆ. ಎಲ್ಲರದೂ ಎನ್ನುವ ಮಗುವಿನ ಹಿಂದೆ ಆ ಗಳಿಗೆಯಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಬಹಳ ಸಲ ಉತ್ತರವೇ ಇರುವುದಿಲ್ಲ.

14 ಜೂನ್, ಶನಿವಾರ

ಊರಿಂದ ತಂದ ಸೂಟ್‌ಕೇಸಿನ ಕೊನೆಯ ಪದರ ಇವತ್ತು ಬಿಚ್ಚಿದೆವು. ಸೊಸೆ ಪಕ್ಕದಲ್ಲಿ ಕೂತು ಒಂದೊಂದನ್ನೂ ಎತ್ತಿ ನೋಡಿದಳು.

ಹತ್ತಿ ಸೀರೆಗಳ ಮಡಿಕೆಯಲ್ಲಿ ನುಸಿಗುಳಿಗೆ ಇತ್ತು. ಬಿಳಿ, ಗುಂಡಗೆ, ಥೇಟ್ ಪೆಪ್ಪರ್‌ಮಿಂಟು. ಡಬ್ಬಿಯೊಳಗೆ ಭದ್ರವಾಗಿ ಮುಚ್ಚಿರದ ಬಿಡಿ ಗುಳಿಗೆ ಮಾರುವುದನ್ನು ಇಲ್ಲಿ 2012ರಲ್ಲೇ ನಿಷೇಧಿಸಿದ್ದಾರೆ. ಮಗು ನುಂಗಬಹುದು ಎಂಬುದು ಒಂದು ಭಯ. ಇನ್ನೊಂದನ್ನು ಅವಳೇ ಹೇಳಿದಳು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಕೂಸಿಗೆ ನ್ಯಾಫ್ತಲೀನ್ ವಾಸನೆ ಕೂತ ಬಟ್ಟೆ ಹೊದಿಸಿದರೂ ರಕ್ತಕಣಗಳು ಒಡೆದು ಕಾಮಾಲೆ ಏರಬಹುದು. ಹಳೇ ಸೀರೆಯ ಮೆತ್ತೆಯಲ್ಲಿ ಬಾಣಂತಿ ಕೂಸನ್ನು ಮಲಗಿಸುವುದು ನಮ್ಮಲ್ಲಿ ಮನೆಮನೆಯ ಪದ್ಧತಿ. ಸೀರೆಗಳೆಲ್ಲ ಒಗೆಯಲು ಹೋದವು.

ಆಮೇಲೆ ಕರ್ಪೂರ. ಇದು ನನಗೆ ಹೊಸ ವಿಷಯವಲ್ಲ. ಒಂದು ಚೂರು ಹೊಟ್ಟೆಗೆ ಹೋದರೂ ಸಣ್ಣ ಮಕ್ಕಳಿಗೆ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಆದರೂ ನಮ್ಮ ದೇವರ ಮನೆಗಳಲ್ಲಿ ಅದು ಇರುವುದು ನೆಲದ ಮಟ್ಟದಲ್ಲಿ, ಆರತಿ ತಟ್ಟೆಯ ಪಕ್ಕ, ಸಕ್ಕರೆ ಅಚ್ಚಿನಷ್ಟೇ ಚೆಂದವಾಗಿ. ಇಲ್ಲಿಯ ಮನೆಗಳಲ್ಲಿ ಆ ಜಾಗದಲ್ಲಿ ನೀಲಗಿರಿ ಎಣ್ಣೆಯ ಬಾಟಲಿ ಇರುತ್ತದೆ, ಅದೂ ನುಂಗಿದರೆ ವಿಷವೇ. ಎರಡೂ ಅಟ್ಟದ ಬೀರು ಸೇರಿದವು.

ಕೊನೆಗೆ ಚಿಕ್ಕಪೇಟೆಯಲ್ಲಿ ಕೊಂಡ ಬ್ಯಾಟರಿ ದೀಪಗಳು. ತಳದ ಮುಚ್ಚಳ ಉಗುರಿನಿಂದಲೇ ತೆರೆದುಕೊಳ್ಳುತ್ತದೆ, ಒಳಗೆ ಗುಂಡಿಯಂಥ ಬ್ಯಾಟರಿ. ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎಂಜಲಿನ ತೇವಕ್ಕೆ ವಿದ್ಯುತ್ ಹರಿದು ಅಲ್ಲೇ ಕ್ಷಾರ ಹುಟ್ಟಿ, ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಮಗುವಿನ ಹಸಿವು ಕಡಿಮೆಯಾಗುತ್ತದೆ, ಜೊಲ್ಲು ಸುರಿಯುತ್ತದೆ, ನೆಗಡಿ ಇರಬೇಕು ಅಂದುಕೊಳ್ಳುತ್ತೇವೆ. ಇಂಥ ಬ್ಯಾಟರಿ ಇರುವ ವಸ್ತುಗಳ ಮುಚ್ಚಳ ಮಗುವಿನ ಕೈಗೆ ತೆರೆಯಬಾರದು ಎಂದು ಈ ದೇಶದಲ್ಲಿ 2022ರ ಜೂನ್‌ನಿಂದ ಕಾನೂನು ಜಾರಿಯಲ್ಲಿದೆ. ಸೂಟ್‌ಕೇಸಿನಲ್ಲಿ ಬರುವ ದೀಪಕ್ಕೆ ಆ ಕಾನೂನು ಎಲ್ಲಿ ತಿಳಿಯಬೇಕು? ಪ್ರೀತಿಯಿಂದ ತಂದವು ಅಂತ ಇಟ್ಟುಕೊಳ್ಳಲಿಲ್ಲ, ಬ್ಯಾಟರಿ ತೆಗೆದು ಟೇಪು ಸುತ್ತಿ ವಿಲೇವಾರಿಗೆ ಇಟ್ಟೆವು.

ಫ್ರಿಜ್ಜಿನ ಮೇಲೆ 13 11 26 ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ವಿಷದ ವಿಚಾರಕ್ಕೆ ಹಗಲು ರಾತ್ರಿ ಸಿಗುವ ನಂಬರು. ಮಗು ಉಸಿರಿಗೆ ಒದ್ದಾಡಿದರೆ, ಪ್ರಜ್ಞೆ ತಪ್ಪಿದರೆ ಅದಲ್ಲ, ನೇರ 000.

26 ಜೂನ್, ಗುರುವಾರ

ಪರ್ತ್‌ನ ಚಳಿ ಮೂಳೆಗೆ ಇಳಿಯುತ್ತಿದೆ. ಶುಂಠಿ ಟೀ ಲೆಕ್ಕವಿಲ್ಲದೆ ಆಗುತ್ತಿದೆ, ಈ ಮನೆಯಲ್ಲಿ ನನಗೆ ಹೆಚ್ಚು ಭಯ ಆ ಲೋಟದ್ದೇ. ಸಣ್ಣ ಮಕ್ಕಳು ಸುಟ್ಟುಕೊಳ್ಳುವುದು ಬೆಂಕಿಯಿಂದಲ್ಲ, ಹೆಚ್ಚಾಗಿ ಇಂಥ ಟೀ, ಸಾರು, ಬಿಸಿನೀರಿನಿಂದ. ಟೀ ಹಿಡಿದವರ ತೊಡೆಯ ಮೇಲೆ ಮಗು ಬೇಡ ಎಂದು ಮಗನಿಗೂ ಹೇಳಿದ್ದೇನೆ.

ಸುಟ್ಟರೆ ಶಾಯಿ, ಅರಿಶಿನ, ಟೂತ್‌ಪೇಸ್ಟು, ದೋಸೆಹಿಟ್ಟು ಹಚ್ಚುವವರನ್ನು ಜೀವಮಾನವಿಡೀ ನೋಡಿದ್ದೇನೆ. ಮಾಡಬೇಕಾದ್ದು ನಲ್ಲಿಯ ತಣ್ಣೀರಿನ ಕೆಳಗೆ ಪೂರ್ತಿ 20 ನಿಮಿಷ ಹಿಡಿಯುವುದು. ಮಂಜುಗಡ್ಡೆ ಕೂಡದು. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಉಪಯೋಗವಿದೆ. ಮಿಕ್ಕ ಮೈ ಬೆಚ್ಚಗಿರಬೇಕು. ಸುಟ್ಟಗಾಯಗಳ ಚಿಕಿತ್ಸೆಗೆ ಹೆಸರಾಗಿ 2005ರಲ್ಲಿ ವರ್ಷದ ಆಸ್ಟ್ರೇಲಿಯನ್ ಗೌರವ ಪಡೆದ ಡಾ. ಫಿಯೋನಾ ವುಡ್ ಇರುವುದು ಇದೇ ಊರಿನಲ್ಲಿ. ಚರ್ಮದ ಕೋಶಗಳನ್ನು ಗಾಯದ ಮೇಲೆ ಸಿಂಪಡಿಸುವ ವಿಧಾನ ರೂಪಿಸಿದವರಲ್ಲಿ ಒಬ್ಬರು. ಅಂಥವರಿರುವ ಊರಿನಲ್ಲೂ ಮೊದಲ ಚಿಕಿತ್ಸೆ ಅಡುಗೆಮನೆಯ ನಲ್ಲಿಯೇ.

13 ಜುಲೈ, ಭಾನುವಾರ

ಕ್ಯಾನಿಂಗ್ ವೇಲ್‌ನಲ್ಲಿ ಕನ್ನಡದವರೊಬ್ಬರ ಮನೆಯಲ್ಲಿ ಊಟ. ಹಿತ್ತಲಲ್ಲಿ ಈಜುಕೊಳ. ಈ ರಾಜ್ಯದಲ್ಲಿ 30 ಸೆಂಟಿಮೀಟರಿಗಿಂತ ಆಳದ ಕೊಳಕ್ಕೆ ಬೇಲಿ ಕಡ್ಡಾಯ, ಗೇಟು ತಾನಾಗಿ ಮುಚ್ಚಿ ಚಿಲಕ ಬೀಳಬೇಕು, ನಾಲ್ಕು ವರ್ಷಕ್ಕೊಮ್ಮೆಯಾದರೂ ಕೌನ್ಸಿಲ್‌ನವರು ಬಂದು ನೋಡುತ್ತಾರೆ. ಇವರದೂ ಸರಿಯಾಗೇ ಇತ್ತು. ಆದರೆ ಯಾರೋ ಓಡಾಟಕ್ಕೆ ಸಲೀಸಾಗಲಿ ಎಂದು ಗೇಟಿಗೆ ಕುರ್ಚಿ ಅಡ್ಡ ಇಟ್ಟಿದ್ದರು. ಸೊಸೆ ಮಾತಿಲ್ಲದೆ ಹೋಗಿ ಕುರ್ಚಿ ಎತ್ತಿಟ್ಟು ಬಂದಳು.

ದೊಡ್ಡವರೆಲ್ಲ ಊಟಕ್ಕೆ ಕೂತಾಗ ಒಬ್ಬರು ತಮ್ಮ ಒಂಬತ್ತು ವರ್ಷದ ಮಗಳಿಗೆ "ಚಿಕ್ಕವರನ್ನು ನೋಡ್ಕೊಳೇ" ಎಂದರು. ನಾನು ತಟ್ಟೆ ಹಿಡಿದೇ ಮಕ್ಕಳಿದ್ದ ಕಡೆ ಕುರ್ಚಿ ಹಾಕಿಕೊಂಡೆ. "ನಾವೆಲ್ಲ ಅಕ್ಕಂದಿರ ಸೊಂಟದ ಮೇಲೇ ಬೆಳೆದೆವಲ್ಲ ಆಂಟಿ" ಎಂದರು. ಬೆಳೆದೆವು, ನಿಜ. ನಮ್ಮ ಓಣಿಯಲ್ಲಿ ಬಚ್ಚಲ ಹಂಡೆಯ ಕುದಿನೀರಿಗೆ ಕೈ ಹಾಕಿ ಮೈಮೇಲೆ ಎಳೆದುಕೊಂಡ ಕೂಸನ್ನೂ ಅದರ ಅಕ್ಕನೇ ನೋಡಿಕೊಳ್ಳುತ್ತಿದ್ದಳು. ಕೂಸು ಉಳಿಯಲಿಲ್ಲ. ಆ ಅಕ್ಕನಿಗೆ ಈಗ ಎಪ್ಪತ್ತು, ಇವತ್ತಿಗೂ ಬಿಸಿನೀರು ತೋಡುವಾಗ ಅವಳ ಕೈ ನಡುಗುತ್ತದೆ. ಬೆಳೆಯದೆ ಹೋದವರು ಬಂದು ಮಾತಾಡುವುದಿಲ್ಲವಲ್ಲ.

ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಬಾರ್ಬರಾ ಮೊರೊಂಜೆಲ್ಲೊ ಎಂಬಾಕೆ ಇದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ ಎಂದು ಬರುವಾಗ ಕಾರಿನಲ್ಲಿ ಸೊಸೆ ಹೇಳಿದಳು. ತಾಯಿ ನೋಡಿಕೊಳ್ಳುವಾಗಿನದಕ್ಕಿಂತ ಅಕ್ಕ ಅಣ್ಣಂದಿರು ನೋಡಿಕೊಳ್ಳುವಾಗ ಪೆಟ್ಟು ಹೆಚ್ಚಂತೆ. ದೊಡ್ಡ ಮಕ್ಕಳ ಗಮನ ಸಡಿಲ, ಚಿಕ್ಕದೂ ಅವರ ಮಾತು ಕೇಳುವುದಿಲ್ಲ. ನೋಡಿಕೊಳ್ಳುವುದು ಎಂದರೆ ಕಣ್ಣು ಮಗುವಿನ ಮೇಲಿರಬೇಕು, ಕೈ ಎಟುಕುವಷ್ಟು ಹತ್ತಿರವಿರಬೇಕು, ನಡುವೆ ಕಡಿಯಬಾರದು. ಮೂರರಲ್ಲಿ ಒಂದು ತಪ್ಪಿದರೂ ನೀರಿನ ಬಳಿ ಸಾಲದು. ಸೊಸೆಯ ಜೊತೆ ಕೆಲಸ ಮಾಡುವ ಕೊಲಂಬಿಯಾದ ನರ್ಸೊಬ್ಬಳ ಮನೆಯಲ್ಲೂ ಅಜ್ಜಿ, ಚಿಕ್ಕಮ್ಮ, ಅಕ್ಕಂದಿರ ದಂಡೇ ಇದೆಯಂತೆ, ಅಲ್ಲೂ ಇದೇ ಚರ್ಚೆಯಂತೆ. ಮನೆ ತುಂಬ ಜನ ಇರುವುದು ಭಾಗ್ಯವೇ. ಆದರೆ ಆ ಜನರಲ್ಲಿ ಈ ಹೊತ್ತು ಯಾರು ಎಂಬುದು ಹೆಸರು ಹಿಡಿದು ಗೊತ್ತಿರಬೇಕು.

24 ಜುಲೈ, ಗುರುವಾರ

ಭೀಮನ ಅಮಾವಾಸ್ಯೆ. ದೀಪದ ಕಂಬಗಳನ್ನು ಮೇಜಿನ ಮೇಲಿಟ್ಟೆವು, ಮೇಜುಬಟ್ಟೆ ತೆಗೆದು. ಮಗು ಬಟ್ಟೆ ಎಳೆದರೆ ದೀಪವೂ ಬರುತ್ತದಲ್ಲ. ಕಡುಬು ಬೇಯುವಷ್ಟು ಹೊತ್ತು ಮಗ ಪುಟ್ಟನನ್ನು ಕರೆದುಕೊಂಡು ಪಾರ್ಕಿಗೆ ಹೋಗಿದ್ದ.

2 ಆಗಸ್ಟ್, ಶನಿವಾರ

ಬೀರುಗಳನ್ನು ಗೋಡೆಗೆ ಬಿಗಿಯಲು ಮನೆ ಮಾಲೀಕರ ಒಪ್ಪಿಗೆ ಬಂತು. ಬಾಡಿಗೆ ಮನೆಯಾದ್ದರಿಂದ ಗೋಡೆಗೆ ಮೊಳೆ ಹೊಡೆಯಲೂ ಕೇಳಬೇಕು. 2015ರಲ್ಲಿ ಈ ರಾಜ್ಯದಲ್ಲಿ ಡ್ರಾಯರಿನ ಬೀರು ಮೈಮೇಲೆ ಮಗುಚಿ ಒಂದು ಕೂಸು ಹೋಯಿತು. ಗೋಡೆಗೆ ಬಿಗಿಯುತ್ತೇನೆ ಎಂದು ತಾಯಿ ಮೊದಲೇ ಕೇಳಿದ್ದಳು, ಒಪ್ಪಿಗೆ ಸಿಕ್ಕಿರಲಿಲ್ಲ. ಆ ತಾಯಿ ಸುಮ್ಮನೆ ಕೂರಲಿಲ್ಲ. 2019ರಲ್ಲಿ ಕಾನೂನು ಬದಲಾಯಿತು. ಮಕ್ಕಳ ಸುರಕ್ಷತೆಗಾಗಿ ಬೀರು ಬಿಗಿಯಲು ಕೇಳಿದರೆ ಮಾಲೀಕರು ಈಗ ಸುಮ್ಮನೆ ಬೇಡ ಎನ್ನುವಂತಿಲ್ಲ. ಗೋಡೆಯಲ್ಲಿ ಕಲ್ನಾರು ಇರುವಂಥ ಕೆಲವೇ ಕಾರಣಕ್ಕೆ ತಡೆಯಬಹುದು. ಆ ಹೆಂಗಸನ್ನು ನೆನೆದು ಬೆಳಗ್ಗೆ ಕೈಮುಗಿದೆ.

ಮಗ ಡ್ರಿಲ್ ತಂದು ಬೀರುಗಳನ್ನು ಬಿಗಿದ. ಕೆಳಗಿನ ಡ್ರಾಯರು ಎಳೆದರೆ ಮಗುವಿಗೆ ಅದೇ ಮೊದಲ ಮೆಟ್ಟಿಲು. ಹೊಸದಾಗಿ ಕೊಂಡ ಬೀರಿನ ಮೇಲೆ ಉರುಳುವ ಅಪಾಯದ ಎಚ್ಚರಿಕೆ ಚೀಟಿ ಇತ್ತು, ಮೇ 4ರಿಂದ ಅದು ಕಡ್ಡಾಯವಾಗಿದೆ. ಟಿ.ವಿ.ಗೆ ಬೇರೆ ಪಟ್ಟಿ ಬೇಕಂತೆ, ನಾಳೆ ತರುತ್ತಾನೆ. ಅಲ್ಲಿಯವರೆಗೆ ಅದನ್ನು ರೂಮಿನಲ್ಲಿಟ್ಟು ಬಾಗಿಲು ಹಾಕಿದ್ದೇವೆ.

ಸಂಜೆ ಹಾಸನಕ್ಕೆ ಫೋನ್ ಮಾಡಿ ನಮ್ಮವರಿಗೆ ಅಂಗಳದ ಸಂಪಿನ ವಿಷಯ ಹೇಳಿದೆ. ಡಿಸೆಂಬರಿನಲ್ಲಿ ಮಕ್ಕಳು ಬರುತ್ತಾರೆ. ತಗಡಿನ ಮುಚ್ಚಳ ಸಾಲದು, ಕಬ್ಬಿಣದ್ದು ಮಾಡಿಸಿ, ಕೊಂಡಿ ಇರಲಿ, ಬೀಗ ಇರಲಿ, ಕೀಲಿ ಮೇಲಿನ ಮೊಳೆಯಲ್ಲಿರಲಿ ಎಂದೆ. ನೀರು ಬಿಡುವವನು ದಿನಾ ಬೀಗ ತೆಗೆಯಬೇಕಾಗುತ್ತದಲ್ಲ ಎಂದರು. ತೆಗೆಯಲಿ, ಹಾಕಲಿ, ನೀವು ನಿಂತು ನೋಡಿ ಎಂದೆ. ಸೋಮವಾರ ವೆಲ್ಡಿಂಗ್‌ನವನನ್ನು ಕರೆಸುತ್ತಾರಂತೆ.