ಚೌಪಾಟಿಯಿಂದ ಮಾಟುಂಗದವರೆಗೆ ಒಂದು ಮಾಲೀಶಿನ ದಾರಿ

ಊರಿನಿಂದ ನೆಂಟರು ಬಂದಾಗ ನೀವು ಅವರನ್ನು ಎಲ್ಲಿಗೆ ಕರೆದೊಯ್ಯುತ್ತೀರಿ? ಗೇಟ್‌ವೇ, ಮಹಾಲಕ್ಷ್ಮಿ, ಸಿದ್ಧಿವಿನಾಯಕ, ಹೊತ್ತು ಉಳಿದರೆ ಜುಹೂ. ನಾನೂ ನಲವತ್ತು ವರ್ಷ ಇದನ್ನೇ ಮಾಡಿದವನು. ಈ ಸಲ ನಿಮ್ಮನ್ನು ಬೇರೊಂದು ದಾರಿಯಲ್ಲಿ ಕರೆದೊಯ್ಯುವ ಆಸೆ. ಹೆಚ್ಚಿನ ಖರ್ಚಿಲ್ಲ. ಲೋಕಲ್ ಗಾಡಿಯ ಟಿಕೇಟು ಮತ್ತು ಎಣ್ಣೆಯಾದರೂ ಚಿಂತೆಯಿಲ್ಲ ಎನ್ನುವಂಥ ಒಂದು ಹಳೆಯ ಟವೆಲು ಇದ್ದರೆ ಸಾಕು.

ಸಂಜೆ ಆರರ ಹೊತ್ತಿಗೆ ಚರ್ನಿ ರೋಡಿನಲ್ಲಿ ಇಳಿಯೋಣ. ಸೇತುವೆ ದಾಟಿದರೆ ಗಿರ್‌ಗಾಂವ್ ಚೌಪಾಟಿ. 1920ರಲ್ಲಿ ಲೋಕಮಾನ್ಯ ತಿಲಕರ ಅಂತ್ಯಸಂಸ್ಕಾರ ನಡೆದದ್ದು ಈ ಮರಳಿನ ಮೇಲೆ. ಅವರ ಪ್ರತಿಮೆ ಇಲ್ಲಿಯೇ ಇದೆ. ಭೇಲ್‌ಪುರಿ, ಕುಲ್ಫಿ, ಬಲೂನು, ಅಳುವ ಮಕ್ಕಳು, ನಗುವ ಜೋಡಿಗಳು ಇವೆಲ್ಲದರ ನಡುವೆ ಸ್ವಲ್ಪ ಕಿವಿಗೊಟ್ಟು ಕೇಳಿ. ಸೀಸೆಗೆ ಸೀಸೆ ತಾಗಿ ಟಿಣ್ ಟಿಣ್ ಎಂಬ ಸದ್ದು ಕೇಳಿದರೆ ಅದು ನಿಮ್ಮ ಅದೃಷ್ಟ. ತಂತಿಯ ಗೂಡಿನಲ್ಲಿ ನಾಲ್ಕಾರು ಎಣ್ಣೆ ಸೀಸೆ, ಹೆಗಲ ಮೇಲೊಂದು ಚಾಪೆ ಇಟ್ಟುಕೊಂಡು ಬರುವ ಮಾಲೀಶ್‌ವಾಲಾನ ಜಾಹೀರಾತು ಅದು. ನಾನು ಹೊಸತಾಗಿ ಈ ನಗರಕ್ಕೆ ಬಂದಾಗ ಇಂಥವರು ಇಲ್ಲಿ ಸಾಲು ಸಾಲಾಗಿ ಸಿಗುತ್ತಿದ್ದರು. ಹೆಚ್ಚಿನವರು ಉತ್ತರ ಪ್ರದೇಶ, ಬಿಹಾರದ ಕಡೆಯವರು. ಕಳೆದ ಬಾರಿ ನಾನು ಹೋದಾಗ ಕಂಡದ್ದು ಇಬ್ಬರನ್ನು ಮಾತ್ರ. ಅವರಲ್ಲೊಬ್ಬ ಗಿರಾಕಿಯಿಲ್ಲದೆ ತನ್ನ ಮಂಡಿಯನ್ನು ತಾನೇ ನೀವಿಕೊಳ್ಳುತ್ತಿದ್ದ.

ಆಗ ನಾನು ಫೋರ್ಟಿನ ಒಂದು ಹೋಟೆಲಿನಲ್ಲಿ ಹಗಲು ಕೆಲಸ ಮಾಡಿ ರಾತ್ರಿ ಶಾಲೆಗೆ ಹೋಗುತ್ತಿದ್ದ ಹುಡುಗ. ನಮ್ಮ ಹೋಟೆಲಿನ ಹಿರಿಯ ಮಾಣಿಯೊಬ್ಬರು ತಿಂಗಳಿಗೊಮ್ಮೆ ಸಂಬಳದ ದಿನ ನನ್ನನ್ನೂ ಕರೆದುಕೊಂಡು ಚೌಪಾಟಿಗೆ ಬರುತ್ತಿದ್ದರು. ಮರಳಿನ ಮೇಲೆ ಮಲಗಿ ಕಾಲು ಒತ್ತಿಸಿಕೊಳ್ಳುವಾಗ ಅವರ ಕಣ್ಣಿನಲ್ಲಿ ನೀರು ಬರುತ್ತಿತ್ತು. "ನೋವಾ?" ಎಂದು ಕೇಳಿದೆ. "ಅಲ್ಲ ಮಾರಾಯ, ಊರಿನ ಅಬ್ಬಿಯ ನೆನಪು" ಅಂದರು. ಅದು ನೆಪವೋ ನಿಜವೋ ನನಗೆ ಇಂದಿಗೂ ಗೊತ್ತಿಲ್ಲ. ಹನ್ನೆರಡು ಹದಿನಾಲ್ಕು ಗಂಟೆ ನಿಂತೇ ಇರುವವನ ಕಾಲಿಗೆ ಒಂದು ಕೈ ಬೇಕಾಗುತ್ತದೆ ಎಂಬುದು ಮಾತ್ರ ಆ ದಿನ ತಿಳಿಯಿತು.

ಈ ವಿದ್ಯೆಯನ್ನು ಹಗುರವಾಗಿ ಎಣಿಸಬೇಡಿ. ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಎಂಬಾತ ಇಂಗ್ಲೆಂಡಿನ ಬ್ರೈಟನ್ ಊರಿಗೆ ಹೋಗಿ ಬಿಸಿ ಹಬೆಯ ಸ್ನಾನಗೃಹ ತೆರೆದು, ಮೈ ಒತ್ತಿ ಒತ್ತಿಯೇ ಹೆಸರಾದ. 1822ರಲ್ಲಿ ಈ ವಿಷಯದ ಮೇಲೆ ಪುಸ್ತಕವನ್ನೂ ಬರೆದ. ನಾಲ್ಕನೆಯ ಜಾರ್ಜ್ ದೊರೆಗೆ ಅವನು 'ಶಾಂಪೂಯಿಂಗ್ ಸರ್ಜನ್' ಆಗಿದ್ದ. ಒತ್ತುವುದು ಎಂಬರ್ಥದ ನಮ್ಮ 'ಚಾಂಪೋ' ಅಲ್ಲಿಗೆ ಹೋಗಿ 'ಶಾಂಪೂ' ಆಗಿ, ಈಗ ಪುಟ್ಟ ಪೊಟ್ಟಣಗಳಲ್ಲಿ ನಮ್ಮ ಬಚ್ಚಲಿಗೇ ಮರಳಿ ಬಂದಿದೆ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರು 1957ರ 'ಪ್ಯಾಸಾ' ಚಿತ್ರದಲ್ಲಿ ಜಾನಿ ವಾಕರ್ ಕೈಗೆ ಎಣ್ಣೆ ಸೀಸೆ ಕೊಟ್ಟು ಹಾಡಿಸಿದ ಮೇಲಂತೂ ಮಾಲೀಶ್‌ವಾಲಾ ಎಂದರೆ ನಗೆಪಾತ್ರ ಎಂದಾಯಿತು. ಹಾಡು ನನಗೂ ಇಷ್ಟವೇ. ಆದರೆ ಅದನ್ನು ಗುನುಗುವ ನಾವು ಆ ಸೀಸೆಯವನ ಹೊಟ್ಟೆಪಾಡಿನ ಬಗ್ಗೆ ಎಷ್ಟು ಯೋಚಿಸಿದ್ದೇವೆ?

ನಮ್ಮವರಿಗೆ ಇದು ಹೊಸತೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಅರಸನ ಸ್ನಾನಭೋಗಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಎಣ್ಣೆ ಹಚ್ಚಿದ ಬಂಡಿಯ ಅಚ್ಚು ಬಾಳಿಕೆ ಬರುವಂತೆ ದೇಹವೂ ಬರುತ್ತದೆ ಎಂಬ ಹೋಲಿಕೆ ಚರಕ ಸಂಹಿತೆಯಲ್ಲಿದೆ. ಅಷ್ಟು ದೂರ ಹೋಗುವುದೇಕೆ? ನರಕ ಚತುರ್ದಶಿಯ ಬೆಳಗ್ಗೆ ಅಮ್ಮ ನೆತ್ತಿಗೆ ತಟ್ಟಿದ ಎಣ್ಣೆ, ಹಂಡೆಯ ಬಿಸಿನೀರು, ಕಣ್ಣಿಗೆ ಹೋಗಿ ಉರಿಯುವ ಸೀಗೆಪುಡಿ ಯಾರಿಗೆ ಮರೆತಿದೆ? ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರೆರೆಯಲು ಊರಿನಲ್ಲಿ ಅದಕ್ಕೆಂದೇ ಒಬ್ಬ ಅಜ್ಜಿ ಇರುತ್ತಿದ್ದಳು. ಇಲ್ಲಿ ಡೊಂಬಿವಲಿಯ, ಮೀರಾ ರೋಡಿನ ನಮ್ಮ ಮನೆಗಳಿಗೂ ಮಾಲೀಶ್ ಬಾಯಿ ಬರುತ್ತಾಳೆ. ಕೂಸಿಗೆ ಬೇಕು, ಬಾಣಂತಿಗೆ ಬೇಕು. ಐವತ್ತು ದಾಟಿದ ಗೃಹಿಣಿಗೆ ಬೆನ್ನು ನೋವೆಂದರೆ ಮಾತ್ರ 'ವಯಸ್ಸಾಯಿತು, ಮುಲಾಮು ಹಚ್ಚಿಕೋ' ಎನ್ನುತ್ತೇವೆ.

ಚೌಪಾಟಿಯಿಂದ ಮುಂದೆ ಹೋಗೋಣ. ನಾನಾ ಚೌಕ ದಾಟಿ ತಾಡದೇವ್ ರಸ್ತೆಗೆ ಬಂದರೆ ವಿಕ್ಟೋರಿಯಾ ಮೆಮೋರಿಯಲ್ ಅಂಧರ ಶಾಲೆ ಸಿಗುತ್ತದೆ. 1902ರಿಂದ ನಡೆದು ಬಂದ ಸಂಸ್ಥೆ. ಅದಕ್ಕಿಂತ ಎರಡು ವರ್ಷ ಹಿರಿಯದು ದಾದರಿನ ಅಂಧರ ಶಾಲೆ. ವರಳಿಯಲ್ಲಿ 1925ರ ಹ್ಯಾಪಿ ಹೋಮ್ ಇದೆ, 1952ರಲ್ಲಿ ಇದೇ ನಗರದಲ್ಲಿ ಹುಟ್ಟಿದ ರಾಷ್ಟ್ರೀಯ ಅಂಧರ ಸಂಘವೂ ಇದೆ. ಮಾಲೀಶಿನ ದಾರಿಯಲ್ಲಿ ಅಂಧರ ಶಾಲೆ ಏಕೆ ಬಂತು ಎಂದು ನೀವು ಕೇಳಬಹುದು. ಜಪಾನಿನಲ್ಲಿ ಮೈ ಒತ್ತುವ ವೃತ್ತಿ ಶತಮಾನಗಳಿಂದ ದೃಷ್ಟಿಹೀನರ ಕೈಯಲ್ಲಿದೆ. ಹದಿನೇಳನೆಯ ಶತಮಾನದ ಸುಗಿಯಾಮ ವಾಯಿಚಿ, ತಾನೇ ಅಂಧನಾಗಿದ್ದವನು, ಅಂಧರಿಗೆ ಸೂಜಿ ಚಿಕಿತ್ಸೆಯನ್ನೂ ಅಂಗಮರ್ದನವನ್ನೂ ಕಲಿಸಲು ಶಾಲೆಗಳನ್ನು ತೆರೆದ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಲಂಡನ್ನಿನ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆ ಕಲಿಸಿದ ಕೆಲಸಗಳಲ್ಲಿ ಇದೂ ಒಂದು.

ನಮ್ಮಲ್ಲಿ ಒಂದು ಕಾಲಕ್ಕೆ ದೃಷ್ಟಿಹೀನರಿಗೆ ಸಿಗುತ್ತಿದ್ದ ಕೆಲಸಗಳೆಂದರೆ ಕುರ್ಚಿಗೆ ಬೆತ್ತ ಹೆಣೆಯುವುದು ಮತ್ತು ಕಚೇರಿಯ ಟೆಲಿಫೋನ್ ಬೋರ್ಡು. ನಾನು ಕೆಲಸ ಮಾಡಿದ ಬ್ಯಾಂಕಿನಲ್ಲಿಯೂ ಅಂಥವರೊಬ್ಬರಿದ್ದರು. ನಮ್ಮೆಲ್ಲರ ಮನೆಯ ಫೋನ್ ನಂಬರು ಅವರಿಗೆ ಬಾಯಿಪಾಠ. ಬೆತ್ತದ ಜಾಗಕ್ಕೆ ಪ್ಲಾಸ್ಟಿಕ್ಕು ಬಂತು, ಬೋರ್ಡಿನ ಜಾಗಕ್ಕೆ ಯಂತ್ರ ಬಂತು. ಹಾಗಾಗಿ ಬೆರಳನ್ನೇ ಬಂಡವಾಳ ಮಾಡಿಕೊಳ್ಳುವ ಈ ತರಬೇತಿ ಪಡೆದ ಹುಡುಗ ಹುಡುಗಿಯರು ನಮ್ಮ ನಗರದಲ್ಲಿದ್ದಾರೆ. ಅವರಿಗೆ ಕೊರತೆಯಿರುವುದು ಗಿರಾಕಿಗಳದು.

ಇನ್ನು ಮಾಟುಂಗಕ್ಕೆ ಬನ್ನಿ. ನಮ್ಮ ವಾರ್ಷಿಕ ಉಚಿತ ಆರೋಗ್ಯ ತಪಾಸಣಾ ಶಿಬಿರ ನಿಮಗೆ ಗೊತ್ತೇ ಇದೆ. ರಕ್ತದೊತ್ತಡ, ಸಕ್ಕರೆ, ಕಣ್ಣು, ಆಮೇಲೆ ಉಪ್ಪಿಟ್ಟು-ಶೀರಾ. ಕೆಲವು ವರ್ಷಗಳ ಹಿಂದೆ ಕಾರ್ಯಕಾರಿ ಸಮಿತಿಯಲ್ಲಿ ನಾನೊಂದು ಸೂಚನೆ ಇಟ್ಟೆ: ತರಬೇತಿ ಪಡೆದ ದೃಷ್ಟಿಹೀನರನ್ನು ಕರೆಸಿ ಮಾಲೀಶಿನ ಮೇಜು ಹಾಕೋಣ, ಅವರಿಗೆ ದಿನದ ಸಂಭಾವನೆ ಸಂಘ ಕೊಡಲಿ, ಸದಸ್ಯರಿಗೆ ಅವರ ಪರಿಚಯವಾಗಲಿ. ಸಭೆ ಒಂದು ಗಳಿಗೆ ಮೌನವಾಯಿತು. ಬಳಿಕ ಒಬ್ಬರು ಕೆಮ್ಮಿದರು. 'ಮಸಾಜ್' ಎಂಬ ಶಬ್ದ ಬ್ಯಾನರಿನಲ್ಲಿ ಹೇಗೆ ಹಾಕುವುದು? ಮಹಿಳಾ ವಿಭಾಗದವರು ಏನೆಂದಾರು?

ಈ ಅಂಜಿಕೆ ನಮಗೊಬ್ಬರಿಗೇ ಅಲ್ಲ. 2019ರ ಜೂನ್‌ನಲ್ಲಿ ಪಶ್ಚಿಮ ರೈಲ್ವೆಯ ರತ್ಲಾಮ್ ವಿಭಾಗದವರು ಇಂದೋರಿನಿಂದ ಹೊರಡುವ 39 ಗಾಡಿಗಳಲ್ಲಿ ತಲೆ, ಪಾದಗಳ ಮಾಲೀಶಿಗೆ ವ್ಯವಸ್ಥೆ ಮಾಡುವುದಾಗಿ ಹೇಳಿ, ಹೆಂಗಸರ ಎದುರು ಇದು ಸಭ್ಯವೇ ಎಂದು ಆಕ್ಷೇಪ ಬಂದೊಡನೆ ಕೆಲವೇ ದಿನಗಳಲ್ಲಿ ಕೈಬಿಟ್ಟರು. ಬೆಳಗಿನ ವಿರಾರ್ ಫಾಸ್ಟಿನಲ್ಲಿ ಮುಂದಿನವನ ಮೊಣಕೈ ಪಕ್ಕೆಲುಬಿಗೆ, ಹಿಂದಿನವನ ಟಿಫಿನ್ ಡಬ್ಬಿ ಸೊಂಟಕ್ಕೆ ಒತ್ತುವುದನ್ನು ದಿನವೂ ಪುಕ್ಕಟೆ ಅನುಭವಿಸುವ ನಾವು, ನೋವಿರುವ ಭುಜದ ಮೇಲೆ ಕಲಿತವರೊಬ್ಬರು ಕೈಯಿಡುತ್ತಾರೆಂದರೆ ಬೆಚ್ಚುತ್ತೇವೆ!

ಹೆಸರಿನ ಚರ್ಚೆಗೆ ಎರಡು ಸಭೆ ಹಿಡಿಯಿತು. 'ಅಂಗಮರ್ದನ' ಎಂದರೆ ಪೊಲೀಸು ಠಾಣೆಯ ನೆನಪಾಗುತ್ತದೆ ಎಂದರು ಒಬ್ಬರು. 'ಅಭ್ಯಂಗ' ನಮ್ಮ ಮಕ್ಕಳಿಗೆ ಅರ್ಥವಾಗದು. ಕೊನೆಗೆ 'ಕುತ್ತಿಗೆ, ಬೆನ್ನು, ಕಾಲು ನೋವಿಗೆ ಕೈಚಿಕಿತ್ಸೆ' ಎಂದು ಬರೆಸಿದೆವು. ಪರದೆ ಕಟ್ಟಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಜಾಗ ಮಾಡಿದೆವು. ಮೂವರು ಬಂದರು: ಇಬ್ಬರು ಹುಡುಗರು, ಒಬ್ಬಾಕೆ ಹುಡುಗಿ. ಅವರಲ್ಲೊಬ್ಬ ಅಕ್ಕಲಕೋಟೆ ಕಡೆಯವನು. ಸಭಾಂಗಣದ ಬಾಗಿಲಲ್ಲೇ "ನಮಸ್ಕಾರ್ರೀ, ಇಲ್ಲಿ ಎಲ್ಲಾರೂ ಕನ್ನಡದವರೇ ಏನ್ರೀ?" ಎಂದಾಗ ಸ್ವಾಗತಕ್ಕೆ ನಿಂತಿದ್ದ ನಮ್ಮ ಕಾಲೇಜು ಮಕ್ಕಳು ಹಿಂದಿಯಲ್ಲಿ ತಡವರಿಸಿದ್ದನ್ನು ನೋಡಬೇಕಿತ್ತು.

ಹನ್ನೊಂದು ಗಂಟೆಯವರೆಗೆ ಒಬ್ಬರೂ ಆ ಕಡೆ ಸುಳಿಯಲಿಲ್ಲ. ಸಕ್ಕರೆ ಪರೀಕ್ಷೆಯ ಸಾಲು ಮೆಟ್ಟಿಲವರೆಗೆ ಬೆಳೆದಿತ್ತು. ಮೂವರೂ ಕೈ ಮಡಚಿ ಕುಳಿತಿದ್ದರು. ಮುಂದಿನ ಸಲಕ್ಕೆ ಈ ಮೇಜು ಬೇಡ ಎಂದು ಖಜಾಂಚಿಯವರು ನನ್ನ ಕಿವಿಯಲ್ಲಿ ಹೇಳಿಯೂ ಆಯಿತು. ಮೊದಲು ಬಂದವರು ನಮ್ಮ ಕುಂದಾಪುರ ಕಡೆಯ ಹಿರಿಯರು, ಎಪ್ಪತ್ತರ ಆಸುಪಾಸು; ಜೀವಮಾನವಿಡೀ ಹೋಟೆಲಿನಲ್ಲಿ ನಿಂತು ದುಡಿದವರು. ಪ್ಯಾಂಟು ಮೊಣಕಾಲಿನವರೆಗೆ ಮಡಚಿ ಎಡಗಾಲು ಚಾಚಿದರು.

ಅಕ್ಕಲಕೋಟೆಯ ಹುಡುಗ ಮೊದಲು ಬಲಗಾಲು ಮುಟ್ಟಿದ, ಆಮೇಲೆ ಎಡಗಾಲು. ಮತ್ತೆ ಬಲ, ಮತ್ತೆ ಎಡ. ಅಂಗೈಯನ್ನು ಮೀನಖಂಡದ ಮೇಲೆ ಹಗುರಾಗಿ ಇಟ್ಟು ಹಾಗೇ ಕುಳಿತ.

"ಅಜ್ಜಾರ, ಈ ಕಾಲು ಯಾವಾಗಿಂದ ಹಿಂಗ ಬಾತೈತ್ರೀ?"

"ನಾಕೈದ್ ದಿನ ಆಯ್ತ್ ಮಾರಾಯ. ಸಮಾ ಒತ್ತಿ ತಿಕ್ಕ್, ಸರಿ ಆತ್ತ್."

"ಇಲ್ರೀ, ನಾ ಇದನ್ನ ತಿಕ್ಕಂಗಿಲ್ಲ. ಒಂದೇ ಕಾಲು ಬಾತೈತಿ, ಬಿಸಿ ಐತಿ, ಗಟ್ಟಿ ಆಗೇತಿ. ಡಾಕ್ಟರ್‌ಗೆ ತೋರಿಸ್ರೀ, ಈಗಿಂದೀಗ."

ಹಿರಿಯರಿಗೆ ಸಿಟ್ಟು ಬಂತು. ಉಚಿತವೆಂದು ಕರೆದು ಮುಟ್ಟುವುದಿಲ್ಲ ಎಂದರೆ ಏನರ್ಥ? ನನಗೂ ಒಳಗೊಳಗೇ ಕಸಿವಿಸಿ, ಬಂದ ಒಬ್ಬನೇ ಗಿರಾಕಿಯನ್ನೂ ಕಳಿಸಿಬಿಟ್ಟನಲ್ಲ ಎಂದು. ಆದರೂ ಕೈ ಹಿಡಿದು ಪಕ್ಕದ ಕೋಣೆಯಲ್ಲಿದ್ದ ವೈದ್ಯರ ಬಳಿಗೆ ಕರೆದೊಯ್ದೆ. ಅವರು ಎರಡೂ ಕಾಲಿನ ಸುತ್ತಳತೆ ಟೇಪಿನಲ್ಲಿ ಅಳೆದು ನೋಡಿ, ಉಪ್ಪಿಟ್ಟು ತಿನ್ನಲೂ ಬಿಡದೆ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕಳಿಸಿದರು. ಡಾಪ್ಲರ್ ಪರೀಕ್ಷೆಯಲ್ಲಿ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಕಂಡಿತು. ಇಂಥ ಕಾಲನ್ನು ಬಲವಾಗಿ ತಿಕ್ಕಿದರೆ ಹೆಪ್ಪಿನ ತುಣುಕು ಕಳಚಿ ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತಾಗಬಹುದು ಎಂದು ವೈದ್ಯರು ಆಮೇಲೆ ನಮಗೆ ವಿವರಿಸಿದರು. ಅವರು ಹೇಳಿದ ಇನ್ನಷ್ಟನ್ನು ನೀವೂ ನೆನಪಿಡಿ: ಜ್ವರವಿದ್ದಾಗ, ಮೂಳೆ ಮುರಿದ ಅನುಮಾನವಿದ್ದಾಗ, ಚರ್ಮ ಸೋಂಕಿದಾಗ ಮಾಲೀಶು ಬೇಡ. ನಿಂತು ದುಡಿಯುವವರ ಕಾಲಿನಲ್ಲಿ ಉಬ್ಬಿದ ನೀಲಿ ನರಗಳ ಮೇಲೆ ಗಟ್ಟಿಯಾಗಿ ಒತ್ತಬಾರದು. ಬೆನ್ನು ನೋವಿಗೆ ಇದರಿಂದ ಕೆಲಕಾಲ ಆರಾಮ ಸಿಗುತ್ತದೆ. ಜಾರಿದ ಬೆನ್ನೆಲುಬಿನ ಡಿಸ್ಕನ್ನು ಯಾವ ಎಣ್ಣೆಯೂ ಹಿಂದಕ್ಕೆ ತಳ್ಳುವುದಿಲ್ಲ.

ಸುದ್ದಿ ಸಭಾಂಗಣದಲ್ಲಿ ಹಬ್ಬಲು ಎಷ್ಟು ಹೊತ್ತು? ಮಧ್ಯಾಹ್ನದ ಹೊತ್ತಿಗೆ ಸಕ್ಕರೆಯ ಸಾಲು ಇತ್ತ ತಿರುಗಿತು. ಪರದೆಯ ಆಚೆ ಹೆಂಗಸರ ಕಡೆ ಆ ಹುಡುಗಿಗೆ ಊಟಕ್ಕೂ ಬಿಡುವಾಗಲಿಲ್ಲ. ನನ್ನ ಶ್ರೀಮತಿಯೇ ಭುಜ ಒತ್ತಿಸಿಕೊಂಡು ಬಂದು, "ಮೂವತ್ತು ವರ್ಷದಲ್ಲಿ ನನ್ನ ಭುಜ ಎಲ್ಲಿ ನೋಯುತ್ತದೆ ಎಂದು ಯಾರೂ ಕೇಳಿರಲಿಲ್ಲ" ಅಂದಳು. ನಾನು ಉಪ್ಪಿಟ್ಟಿನ ತಟ್ಟೆಯ ಕಡೆ ನೋಡಿದೆ. ಸಂಜೆ ಏಳು ಮನೆಗಳವರು ಅವರ ಫೋನ್ ನಂಬರು ಬರೆದುಕೊಂಡರು, ಅದರಲ್ಲಿ ಖಜಾಂಚಿಯವರ ಮನೆಯೂ ಒಂದು. ಏಳರಲ್ಲಿ ನಾಲ್ಕು ಮನೆ ಇಂದಿಗೂ ತಪ್ಪದೆ ಕರೆಸುತ್ತಾರೆ. ಒಂದು ಮನೆಯವರು ಮಾತ್ರ 'ಕಣ್ಣು ಕಾಣದವರು ತಾನೇ, ಇಷ್ಟು ಸಾಕು' ಎಂದು ಅರ್ಧ ಹಣ ಕೊಟ್ಟರೆಂದು ಆಮೇಲೆ ತಿಳಿಯಿತು. ಹೆಸರು ಬರೆಯುವುದಿಲ್ಲ. ಅವರೂ ಈ ಪತ್ರಿಕೆಯ ಓದುಗರು.

ಮರುವರ್ಷದ ಶಿಬಿರಕ್ಕೆ ಆ ಹಿರಿಯರು ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದರು. ಜೇಬಿನಲ್ಲಿ ಮಡಚಿದ ಔಷಧದ ಚೀಟಿ, ಕೈಯಲ್ಲಿ ಮನೆಯಿಂದ ತಂದ ಕೊಬ್ಬರಿ ಎಣ್ಣೆಯ ಪುಟ್ಟ ಸೀಸೆ. ದನಿ ಕೇಳಿಯೇ ಹುಡುಗ ಗುರುತಿಸಿದ.

"ಕಾಲು ಹೆಂಗೈತ್ರೀ ಅಜ್ಜಾರ?"

"ಕಾಲಿನ ಸುದ್ದಿ ಬಿಡ್, ಅದನ್ನ್ ಡಾಕ್ಟ್ರು ಕಾಣ್ತ್ರ್. ನೀ ತಲಿಗೆ ಎಣ್ಣಿ ತಟ್ಟ್" ಎಂದು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು.