ಈ ವಾರ ಗುಡಿಸುವ ಸರದಿ ನಮ್ಮದು

ನಾವು ಬಾಡಿಗೆಗಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಈ ಕಡೆ ‘ಕೇರ್‌ವೋಖೆ’ ಅಂತೊಂದು ಹಳೇ ಪದ್ಧತಿ. ಗುಡಿಸುವ ವಾರ ಅಂತ ಅರ್ಥ. ಕಟ್ಟಡದ ಮೆಟ್ಟಿಲು, ಮುಂದಿನ ಹಾದಿ ಗುಡಿಸಿ ಒರೆಸುವುದು ವಾರಕ್ಕೊಂದು ಮನೆಯ ಪಾಲು. ಸರದಿ ಬಂದವರ ಬಾಗಿಲಿಗೆ ಬೋರ್ಡು ನೇತಾಡುತ್ತೆ.

ಬೋರ್ಡಿನಲ್ಲಿ ಗಂಡ, ಹೆಂಡತಿ ಅಂತೇನೂ ಇರಲ್ಲ. ಹಾಗಾಗಿ ಮೊದಲ ಸಲವೇ ಪ್ರಶ್ನೆ ಬಂತು: ಯಾರು ಗುಡಿಸೋದು? ಬೆಂಗಳೂರಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕೆಲಸದಾಕೆ ಬರ್ತಿದ್ದಳು, ಬಾರದ ದಿನ ಪೊರಕೆ ತಾನಾಗೇ ಹೆಂಗಸಿನ ಕೈಗೆ ಹೋಗ್ತಿತ್ತು. ನಾವಿಬ್ಬರೂ ಸಮಾನರು ಅಂತ ಹೇಳಿಕೊಳ್ಳೋಕೆ ಆಕೆಯ ದುಡಿಮೆ ಬೇಕಿತ್ತು, ಅಷ್ಟೆ.

ಈಗ ಶನಿವಾರ ಒಬ್ಬರದು ಮೆಟ್ಟಿಲು, ಇನ್ನೊಬ್ಬರದು ಅಡುಗೆ. ಗಾಜಿನ ಬಾಟಲಿಗಳನ್ನು ಬಣ್ಣ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕೋದು ಮಗಳ ಕೆಲಸ. ಭಾನುವಾರಕ್ಕೆ ತಳ್ಳೋಣವೆಂದರೆ ಅಂದು ವ್ಯಾಕ್ಯೂಮ್ ಕ್ಲೀನರ್ ಸದ್ದು ಮಾಡುವಂತಿಲ್ಲ.

ಗುಡಿಸೋದು ಸುಲಭ, ವಿಡಿಯೋ ಕಾಲ್ ಕಷ್ಟ. ಬಕೆಟ್ ಹಿಡಿದ ಮಗನನ್ನು ನೋಡಿ ಊರಿಂದ ಅಜ್ಜಿ, “ಇದೇನೋ, ಇದಕ್ಕಾ ಅಷ್ಟು ದೂರ ಹೋಗಿದ್ದು?” ಅಂದರು. ಸೊಸೆಯ ಕಡೆ ನೋಡಲಿಲ್ಲ.

ಡಿಸೆಂಬರ್‌ನಲ್ಲಿ ಊರಿಗೆ ಹೋಗ್ತೀವಿ. ಅಲ್ಲಿ ಉಂಡ ತಟ್ಟೆ ಅಪ್ಪ ತೊಳೀತಾನಾ ಅಂತ ಮಗಳು ಈಗಲೇ ಕೇಳ್ತಿದ್ದಾಳೆ. ತೊಳೀಬೇಕು ಅಂತ ಇಬ್ಬರೂ ಮಾತಾಡಿಕೊಂಡಿದ್ದೀವಿ. ಅಜ್ಜಿಗಿನ್ನೂ ಹೇಳಿಲ್ಲ.