ಅಜ್ಜಯ್ಯನ ಚಾಕು ಹಿಡಿದು ಕೊಡಗಿಗೆ

ಚಾಕು ಮಸೆಯೋದು ಕಲಿಯೋಕೆ ಯಾರಾದ್ರೂ ಬೆಂಗಳೂರಿನಿಂದ ಕೊಡಗಿಗೆ ಹೋಗ್ತಾರಾ ಅಂತ ಅಮ್ಮ ಫೋನಲ್ಲಿ ನಕ್ಕರು. ಹೋಮ್‌ಸ್ಟೇ, ಮಂಜು, ಜಲಪಾತ ಅಂತ ಎಲ್ಲರೂ ಹೋಗೋ ಊರಿಗೆ ನಾನು ಹಳೇ ಟವೆಲ್‌ನಲ್ಲಿ ಸುತ್ತಿದ ಆರಂಗುಲದ ಚಾಕು ಹಿಡ್ಕೊಂಡು ಹೊರಟಿದ್ದೆ. ಪಕ್ಕದಲ್ಲೇ ಇದ್ದ ಅಪ್ಪ ಮಾತ್ರ ಏನೂ ಹೇಳಲಿಲ್ಲ. ಆ ಚಾಕುವಿನ ವಿಷಯಕ್ಕೆ ಅಪ್ಪ ನನ್ನ ಜೊತೆ ಸರಿಯಾಗಿ ಮಾತಾಡೋದು ಬಿಟ್ಟು ಮೂರು ತಿಂಗಳಾಗಿತ್ತು.

ಅದು ನನ್ನ ಅಜ್ಜಯ್ಯನ ಶಿಕಾರಿ ಚಾಕು. ಮಡಚುವ ಚಾಕು ಅಲ್ಲ. ಬ್ಲೇಡಿನ ಬಾಲ ಹಿಡಿಯೊಳಗೆ ಭದ್ರವಾಗಿ ಕೂತು, ಒರೆಯಲ್ಲಿಟ್ಟು ಸೊಂಟಕ್ಕೆ ಕಟ್ಟುವಂಥದ್ದು. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಅದು ಯಾವುದೋ ಕಾಫಿ ಎಸ್ಟೇಟಿನ ದೊರೆಯಿಂದ ಬಂತಂತೆ. ಮೂಲ ಹಿಡಿ ಮುರಿದ ಮೇಲೆ ಊರಿನ ಆಚಾರಿ ಬೀಟೆ ಮರದ ಹಿಡಿ ಹಾಕಿಕೊಟ್ಟಿದ್ದ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಜ್ಜಯ್ಯ ಕೋವಿ ಕೆಳಗಿಟ್ಟರು, ಚಾಕು ಇಡಲಿಲ್ಲ. ಹಲಸಿನಕಾಯಿ ಹೆಚ್ಚೋದು, ಹಗ್ಗ ಕತ್ತರಿಸೋದು, ಬಾಳೆಲೆ ಕೊಯ್ಯೋದು ಎಲ್ಲಾ ಅದರಲ್ಲೇ. ಅವರ ನಂತರ ಅದು ಅಪ್ಪನ ಕೈಗೆ ಬಂತು. ನನಗೆ ಹಳೇ ಚಾಕುಗಳ ಹುಚ್ಚು ಹಿಡಿದದ್ದೂ ಅದರಿಂದಲೇ. ಬೆಂಗಳೂರಿನ ಸಂಡೇ ಬಜಾರ್, ಗುಜರಿ ಅಂಗಡಿ ಅಂತ ಸುತ್ತಿ ಏಳೆಂಟು ಕೂಡಿಟ್ಟಿದ್ದೀನಿ. ಸ್ವೀಡನ್ನಿನ ಮೋರಾ ಊರಿನ ಕೆಂಪು ಮರದ ಹಿಡಿಯದೊಂದು, ಜರ್ಮನಿಯ ಜೋಲಿಂಗೆನ್ನಿನದೊಂದು ಅದರಲ್ಲಿವೆ. ‘ಹುಡುಗೀರಿಗ್ಯಾಕಮ್ಮ ಇದು?’ ಅಂತ ಕೇಳದ ಅಂಗಡಿಯವನಿಲ್ಲ.

ಹತ್ತು ನಿಮಿಷದ ತಪ್ಪು

ಈ ವರ್ಷ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನನ್ನ ಕಾಡಿ ಬೇಡಿ ಚಾಕು ತಂದೆ. ‘ಹಾಳು ಮಾಡಬೇಡ’ ಅಂದಿದ್ದರು. ಬ್ಲೇಡು ಬೂದು ಕಪ್ಪಾಗಿತ್ತು, ಅಂಚು ಮೊಂಡಾಗಿತ್ತು. ಅಪ್ಪನಿಗೆ ಹೊಸದರ ಹಾಗೆ ಮಾಡಿ ತೋರಿಸೋಣ ಅಂತ ನಗರದ ಒಂದು ಸಾಣೆ ಅಂಗಡಿಗೆ ಕೊಟ್ಟೆ. ಕರೆಂಟಿನ ಚಕ್ರ, ಕಿಡಿ, ಆಮೇಲೆ ಪಾಲಿಶ್. ಹತ್ತು ನಿಮಿಷದಲ್ಲಿ ಚಾಕು ಸ್ಟೀಲ್ ತಟ್ಟೆ ಥರ ಫಳಫಳ! ಖುಷಿಯಿಂದ ಫೋಟೊ ಕಳಿಸಿದೆ. ಅಪ್ಪನಿಂದ ಬಂದ ಉತ್ತರ ಒಂದೇ ಸಾಲು: ‘ಇದು ಅಪ್ಪಯ್ಯನ ಚಾಕು ಅಲ್ಲ.’

ಆಮೇಲೆ ದೀಪದ ಬೆಳಕಲ್ಲಿ ನೋಡಿದಾಗ ನನಗೂ ಅರ್ಥವಾಯ್ತು. ಹಿಡಿಯ ಹತ್ತಿರ ಒಂದು ಮುದ್ರೆ ಇತ್ತು. ನಕ್ಷತ್ರ, ಪಕ್ಕದಲ್ಲೊಂದು ಶಿಲುಬೆ, ಮೇಲೆ ಕಿರೀಟದ ಆಚೀಚೆ ಇಂಗ್ಲಿಷಿನ ಜಿ ಮತ್ತು ಆರ್. ನಕ್ಷತ್ರ-ಶಿಲುಬೆ ಅಂದ್ರೆ ಇಂಗ್ಲೆಂಡಿನ ಶೆಫೀಲ್ಡ್ ನಗರದ ಜೋಸೆಫ್ ರಾಜರ್ಸ್ ಕಂಪನಿಯ ಗುರುತು; 1682ರಿಂದ ಇರುವ ಮುದ್ರೆ. ಅಕ್ಷರಗಳು ಆಗಿನ ರಾಜ ಯಾರು ಅಂತ ಹೇಳುತ್ತವೆ. ವಿ ಇದ್ದರೆ ವಿಕ್ಟೋರಿಯಾ, ಅಂದರೆ 1901ರ ಒಳಗಿನದು. ಇ ಇದ್ದರೆ ಎಡ್ವರ್ಡ್, 1901ರಿಂದ 1910. ನಮ್ಮ ಚಾಕುವಿನ ಜಿ ಅಂದರೆ 1910ರ ನಂತರದ ಜಾರ್ಜ್ ದೊರೆಗಳ ಕಾಲ. ಇಷ್ಟೆಲ್ಲ ಹೇಳುತ್ತಿದ್ದ ಮುದ್ರೆ ಈಗ ಅರ್ಧ ಸವೆದು, ನಕ್ಷತ್ರದ ಮೂರು ಮೂಲೆ ಮಾತ್ರ ಉಳಿದಿತ್ತು. ಅದಕ್ಕಿಂತ ಕೆಟ್ಟದ್ದು ತುದಿಯಲ್ಲಿ ಕಂಡ ನೀಲಿ ಛಾಯೆ. ಉಕ್ಕು ಹೆಚ್ಚುಕಡಿಮೆ 300 ಡಿಗ್ರಿ ಮುಟ್ಟಿದಾಗ ಆ ಬಣ್ಣ ಬರುತ್ತೆ. ಅಂದರೆ ಅಲ್ಲಿ ಹದ ಹೋಯ್ತು, ಲೋಹ ಮೆತ್ತಗಾಯ್ತು ಅಂತ ಲೆಕ್ಕ.

ಊಟದ ಹೊತ್ತಲ್ಲಿ ಆಫೀಸಿನ ಗೆಳತಿಯ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವಳು ಕೊಡವರ ಹುಡುಗಿ. ‘ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್. ಎರಡು ದಿನ ಮೊದಲೇ ಬಾ. ನಮ್ಮ ದೊಡ್ಡಪ್ಪ ಮನೆಯ ಕತ್ತಿಗಳನ್ನೆಲ್ಲ ಹೊರಗೆ ತೆಗೀತಾರೆ. ನಿನ್ನ ಚಾಕೂ ತಗೊಂಡ್ ಬಾ’ ಅಂದಳು.

ಐನ್‌ಮನೆಯ ಜಗಲಿಯಲ್ಲಿ

ಮೈಸೂರು, ಹುಣಸೂರು ದಾಟಿ ತಿತಿಮತಿ ಕಡೆ ತಿರುಗಿದ ಮೇಲೆ ರಸ್ತೆ ಕಾಡೊಳಗೆ ನುಗ್ಗುತ್ತೆ. ಎರಡೂ ಕಡೆ ನಾಗರಹೊಳೆಯ ಮರಗಳು, ಆನೆ ಇದೆ ಎಚ್ಚರಿಕೆ ಅನ್ನುವ ಬೋರ್ಡುಗಳು. ಗೋಣಿಕೊಪ್ಪ ಮುಟ್ಟೋ ಹೊತ್ತಿಗೆ ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್ ಆಗಿತ್ತು. ಅಲ್ಲಿಂದ ಒಳಗೆ, ಕಾಫಿ ತೋಟಗಳ ನಡುವೆ ಏರಿಳಿದರೆ ಗದ್ದೆ ಬಯಲು. ನಾಟಿ ಮುಗಿದು ಪೈರು ಹಸಿರಾಗಿ ನಿಂತಿತ್ತು. ಗದ್ದೆಗೆ ಮುಖಮಾಡಿ ಕೂತ ದೊಡ್ಡ ಹೆಂಚಿನ ಮನೆಯೇ ಗೆಳತಿಯ ಕುಟುಂಬದ ಐನ್‌ಮನೆ.

ಜಗಲಿಯ ಕಂಬಗಳ ನಡುವೆ ಕೂರೋಕೆ ದಪ್ಪ ಹಲಗೆ ಹಾಸಿರ್ತಾರೆ. ಅದಕ್ಕೆ ಐಮರ ಅಂತಾರೆ. ಅದರ ಮೇಲೆ ಗೋಣಿತಾಟು ಹಾಸಿ ದೊಡ್ಡಪ್ಪ ಕತ್ತಿಗಳನ್ನ ಸಾಲಾಗಿ ಇಟ್ಟಿದ್ದರು. ಎಪ್ಪತ್ತು ದಾಟಿದ ನೇರ ಬೆನ್ನಿನ ಮನುಷ್ಯ. ನಾನೂ ದೊಡ್ಡಪ್ಪ ಅಂತಲೇ ಕರೆದೆ.

ಮೊದಲು ಕಣ್ಣಿಗೆ ಬಿದ್ದದ್ದು ಪೀಚೆಕತ್ತಿ. ಕೊಡವ ಮದುಮಗನ ಫೋಟೊದಲ್ಲಿ ನೀವೂ ನೋಡಿರ್ತೀರಿ. ಬಿಳಿ ಕುಪ್ಯದ ಮೇಲೆ ಕೆಂಪು ರೇಷ್ಮೆಯ ಚೇಲೆ, ಅದಕ್ಕೆ ಸಿಕ್ಕಿಸಿದ ಬೆಳ್ಳಿ ಕಟ್ಟಿನ ಒರೆ. ಒಳಗೆ ಅಗಲವಾದ, ಗಿಡ್ಡ, ಒಂದೇ ಬಾಯಿಯ ಬ್ಲೇಡು. ಕೆಲವು ಹಿಡಿಗಳ ತುದಿ ಗಿಳಿಯ ತಲೆಯ ಹಾಗಿರುತ್ತೆ. ಒರೆಯಿಂದ ಇಳಿಬಿದ್ದ ಸರಪಳಿಯಲ್ಲಿ ಕಿವಿ ಗುಗ್ಗೆ ತೆಗೆಯೋ ಕಡ್ಡಿ, ಉಗುರು ಶುಚಿ ಮಾಡೋ ಕಡ್ಡಿ! ಇನ್ನೊಂದು ಒಡಿಕತ್ತಿ. ಭಾರ, ಅಗಲ, ಮುಂದಕ್ಕೆ ಬಾಗಿದ ಮೈ. ಬಾಯಿ ಇರೋದು ಬಾಗಿನ ಒಳಬದಿಗೆ. ಇದಕ್ಕೆ ಒರೆ ಇಲ್ಲ. ಬೆನ್ನಿನ ಹಿಂದೆ ತೊಡಂಗ್ ಅನ್ನೋ ಲೋಹದ ಕೊಂಡಿಯಲ್ಲಿ ಬರಿಯದಾಗಿ ತೂಗುತ್ತೆ. ಹಿಂದೆ ಯುದ್ಧಕ್ಕೆ, ಈಗ ಮದುವೆಯಲ್ಲಿ ಬಾಳೆ ದಿಂಡು ಕಡಿಯೋ ಗೌರವಕ್ಕೆ. ಕೊನೆಯಲ್ಲಿ ಒಂದು ಸಾದಾ ಚಾಕು: ಊರಿನ ಕಮ್ಮಾರ ಜೀಪಿನ ಸ್ಪ್ರಿಂಗ್ ಪಟ್ಟಿಯಿಂದ ಬಡಿದದ್ದು. ‘ಇದು ನನ್ನ ಅಪ್ಪನ ಬೇಟೆ ಚಾಕು’ ಅಂದರು.

ನಾನು ಟವೆಲ್ ಬಿಚ್ಚಿದೆ. ದೊಡ್ಡಪ್ಪ ಚಾಕು ಎತ್ತಿ, ನೀಲಿ ತುದಿ ನೋಡಿ, ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿ, ನನ್ನ ಮುಖ ನೋಡಿದರು. ಬೈಯಲಿಲ್ಲ. ‘ಹೋದ ಮುದ್ರೆ ಬರಲ್ಲಮ್ಮ. ಬಾಯಿ ತರಬಹುದು. ಎರಡು ಸಂಜೆ ಕೂರ್ತೀಯಾ?’

ಕತ್ತಿ ಮಸೆಯೋದು ಅಂದ್ರೆ

ನಮ್ಮ ಭಾಷೆಯಲ್ಲಿ ಯಾರ ಮೇಲೋ ಕತ್ತಿ ಮಸೀತಿದ್ದಾನೆ ಅಂದ್ರೆ ಹಗೆ ಸಾಧಿಸ್ತಿದ್ದಾನೆ ಅಂತ. ನಿಜವಾಗಿ ಮಸೆಯೋಕೆ ಕೂತರೆ ಗೊತ್ತಾಗುತ್ತೆ, ಕೋಪ ಇದ್ದವನ ಕೈಲಿ ಈ ಕೆಲಸ ಆಗಲ್ಲ.

ಒರಟು ಕಲ್ಲು, ನಯ ಕಲ್ಲು, ಒಂದು ಚೊಂಬು ನೀರು, ಒಂದು ಹಳೇ ಚರ್ಮದ ಬೆಲ್ಟು. ಅವರ ಹತ್ತಿರ ಇದ್ದದ್ದು ಇಷ್ಟೇ. ಬ್ಲೇಡಿನ ಬೆನ್ನನ್ನ ಕಲ್ಲಿನಿಂದ ಸ್ವಲ್ಪ ಎತ್ತಿ ಹಿಡೀಬೇಕು. ಒಂದಂಗುಲ ಅಗಲದ ಬ್ಲೇಡಿಗೆ ಪೆನ್ಸಿಲ್ ದಪ್ಪಕ್ಕಿಂತ ತುಸು ಹೆಚ್ಚು ಎತ್ತಿದರೆ ಸುಮಾರು 20 ಡಿಗ್ರಿ ಕೋನ ಸಿಗುತ್ತೆ. ಆ ಕೋನ ಬದಲಾಗಬಾರದು, ಗುಟ್ಟು ಅಷ್ಟೇ. ನನ್ನ ಕೈ ಮೊದಲ ಅರ್ಧ ಗಂಟೆ ತೂಗುಯ್ಯಾಲೆ ಆಡಿತು. ‘ಒತ್ತಬೇಡ. ಕಲ್ಲು ಕೆಲಸ ಮಾಡುತ್ತೆ, ನೀನು ಹಿಡ್ಕೊಂಡಿರು ಸಾಕು’ ಅಂದರು.

ಒಂದು ಬದಿ ಸಾಕಷ್ಟು ಮಸೆದ ಮೇಲೆ ಇನ್ನೊಂದು ಬದಿಯ ಅಂಚಿನಲ್ಲಿ ಕೂದಲೆಳೆಯಷ್ಟು ಲೋಹ ಮಡಚಿಕೊಳ್ಳುತ್ತೆ. ಬೆನ್ನಿನಿಂದ ಅಂಚಿನ ಕಡೆಗೆ ಬೆರಳನ್ನ ಹಗುರಾಗಿ ಸವರಿದರೆ ತಡವರಿಸೋ ಹಾಗೆ ಸಿಗುತ್ತೆ. ಅದು ತುದಿಯಿಂದ ಹಿಡಿಯವರೆಗೂ ಸಿಕ್ಕ ಮೇಲೇ ಬದಿ ಬದಲಿಸಬೇಕು. ನಾವು ಅರ್ಧಕ್ಕೇ ಬಿಟ್ಟುಬಿಡ್ತೀವಿ. ಮನೆಯ ಚಾಕು ಎಷ್ಟು ಉಜ್ಜಿದರೂ ಹರಿತ ಆಗದಿರೋಕೆ ಸಾಮಾನ್ಯವಾಗಿ ಇದೇ ಕಾರಣ. ಕೊನೆಗೆ ಬೆಲ್ಟಿನ ಒಳಬದಿಯ ಮೇಲೆ ಬ್ಲೇಡನ್ನ ಹಿಂದಕ್ಕೆ ಎಳೆದರೆ ಆ ಎಳೆ ಉದುರುತ್ತೆ. ಮುಂದಕ್ಕೆ ತಳ್ಳಿದರೆ ಚರ್ಮ ಕತ್ತರಿಸಿ ಹೋಗುತ್ತೆ. ಒಡಿಕತ್ತಿಯ ಒಳಬಾಗಿಗೆ ಚಪ್ಪಟೆ ಕಲ್ಲು ತಾಗಲ್ಲ. ಅದಕ್ಕೆ ಕತ್ತಿಯನ್ನ ನಿಲ್ಲಿಸಿಟ್ಟು, ಉರುಟು ಕಲ್ಲನ್ನೇ ಅಂಚಿನುದ್ದಕ್ಕೂ ಓಡಿಸ್ತಾರೆ.

ನನ್ನ ಚಾಕುವಿನ ತೊಂದರೆ ಬೇರೆ. ‘ಹೋದ ಹದ ಮಸೆದರೆ ಬರಲ್ಲ. ಮೆತ್ತಗಾದಷ್ಟನ್ನೂ ಸವೆಸಿ ಒಳಗಿನ ಗಟ್ಟಿ ಉಕ್ಕು ಹುಡುಕಬೇಕು’ ಅಂದರು. ಎರಡು ಸಂಜೆ ಒರಟು ಕಲ್ಲಿನ ಮೇಲೆ ನೀರು ಹಾಕ್ತಾ, ತುದಿ ಬಿಸಿಯಾಗದ ಹಾಗೆ ಉಜ್ಜಿದೆ. ಮಳೆ ಜಿನುಗುತ್ತಲೇ ಇತ್ತು. ನೀಲಿ ಪೂರ್ತಿ ಹೋಗೋ ಹೊತ್ತಿಗೆ ಚಾಕು ಮೂರ್ನಾಲ್ಕು ಮಿಲಿಮೀಟರ್ ಗಿಡ್ಡವಾಗಿತ್ತು. ಆ ಪುಡಿ ನೀರಲ್ಲಿ ಕರಗಿ ಅಂಗಳಕ್ಕೆ ಹೋಯ್ತು. ಅಜ್ಜಯ್ಯನ ಚಾಕುವಿನ ಅಷ್ಟು ಭಾಗ ಈಗ ಕೊಡಗಿನ ಮಣ್ಣಲ್ಲಿದೆ.

‘ಇಟ್ಟರೆ ತುಕ್ಕು, ಮಸೆದರೆ ಸವೆತ. ಎರಡರಲ್ಲಿ ಸವೆತ ವಾಸಿ. ಆದ್ರೆ ಬೇಕಾದಷ್ಟೇ ಮಸಿ’ ಅಂದರು ದೊಡ್ಡಪ್ಪ. ಅವರ ಅಪ್ಪನ ಚಾಕು ನೋಡಿದೆ. ಹೊಟ್ಟೆಯ ಭಾಗ ಒಳಕ್ಕೆ ಸರಿದು ಸಪೂರವಾಗಿತ್ತು. ಎರಡು ತಲೆಮಾರಿನ ಕೈ ಅಲ್ಲಿ ಕಾಣ್ತಿತ್ತು.

ಹೂ ಮುಡಿದ ಕತ್ತಿಗಳು

ಹಬ್ಬದ ಬೆಳಿಗ್ಗೆ ಕತ್ತಿ, ಕೋವಿಗಳೆಲ್ಲ ತೂಗುದೀಪದ ಮುಂದೆ ಸೇರಿದವು. ಚಂದನ ಹಚ್ಚಿ, ತೋಕ್‌ಪೂ ಸಿಕ್ಕಿಸಿದರು. ಬೆಂಕಿಯ ನಾಲಗೆಯ ಹಾಗೆ ಕೆಂಪು-ಹಳದಿ ಎಸಳಿನ ಈ ಹೂವಿಗೆ ನಮ್ಮಲ್ಲಿ ಅಗ್ನಿಶಿಖೆ ಅಂತಾರೆ. ತೋಕ್ ಅಂದ್ರೆ ಕೋವಿ, ಪೂ ಅಂದ್ರೆ ಹೂ. ನಾಟಿಯ ಕಾಲದಲ್ಲಿ ಆಯುಧ ಮುಟ್ಟದೆ ದೇವರ ಕೋಣೆಯಲ್ಲಿಟ್ಟು, ಗದ್ದೆ ಕೆಲಸ ಮುಗಿದ ಮೇಲೆ ಹೊರತೆಗೆಯೋ ಹಬ್ಬ ಇದು. ಬೇಟೆಯ ಕಾಲ ಆಗ ಶುರುವಾಗ್ತಿತ್ತು. ಹುಲಿ ಹೊಡೆದವನನ್ನ ಮದುಮಗನ ಹಾಗೆ ಕೂರಿಸಿ ನರಿಮಂಗಲ ಮಾಡ್ತಿದ್ದರಂತೆ. ಕೊಡವ ತಕ್ಕಿನಲ್ಲಿ ನರಿ ಅಂದ್ರೆ ಹುಲಿ!

ಈಗ ಬೇಟೆ ಇಲ್ಲ. ಮಧ್ಯಾಹ್ನ ಎಲ್ಲರೂ ಊರ ಮಂದ್‌ಗೆ ಹೋಗಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟರು. ನನ್ನ ಗೆಳತಿಯೂ ಇಟ್ಟಳು, ತಪ್ಪಿತು. ‘ಬೇಟೆ ಬಿಟ್ಟಿದ್ದಕ್ಕೆ ಬೇಜಾರಿದೆಯಾ?’ ಅಂತ ದೊಡ್ಡಪ್ಪನನ್ನ ಕೇಳಿದೆ. ‘ಪ್ರಾಣಿ ಉಳೀತು, ಒಳ್ಳೇದೇ. ಕೈ ಕೆಲಸ ಮರೀಬಾರದು ಅಷ್ಟೇ’ ಅಂದರು.

ಊಟಕ್ಕೆ ಕಡಂಬುಟ್ಟು, ಪಂದಿಕರಿ. ಸಾಕಿದ ಹಂದಿಯದೇ. ಮಾಂಸ ಹೆಚ್ಚೋಕೆ ದೊಡ್ಡಪ್ಪ ನನ್ನ ಚಾಕುವನ್ನೇ ಅಡುಗೆಮನೆಗೆ ಕಳಿಸಿದ್ದರು. ವಾಪಸ್ ಬಂದಾಗ ಬ್ಲೇಡಿನ ಮೇಲೆ ಬೂದು-ನೀಲಿ ಮೋಡದಂಥ ಕಲೆ. ನಾನು ಗಾಬರಿಯಾದೆ. ಆ ದಿನ ಅದರ ಮೇಲೆ ಕಾಚಂಪುಳಿಯೂ ತಾಗಿತ್ತು. ಕೊಡಗಿನ ಕಪ್ಪು ಹುಳಿ. ಹಳೇ ಕಾರ್ಬನ್ ಉಕ್ಕಿಗೆ ಹುಳಿ, ರಕ್ತ, ಹಣ್ಣಿನ ರಸ ತಾಗಿದರೆ ಹೀಗೆ ಬಣ್ಣ ಕಟ್ಟುತ್ತೆ. ಕೆಂಪು ತುಕ್ಕು ಉಕ್ಕನ್ನ ತಿನ್ನುತ್ತೆ. ಈ ಕಪ್ಪು ಪದರ ಅದನ್ನ ಸ್ವಲ್ಪ ಮಟ್ಟಿಗೆ ತಡೆಯುತ್ತೆ. ಪಾಲಿಶ್ ಚಕ್ರ ಅಳಿಸಿ ಹಾಕಿದ್ದು ಇದನ್ನೇ.

ನಿಮ್ಮಲ್ಲೂ ಇದ್ದರೆ

ಅಟ್ಟದಲ್ಲಿ, ಹಳೇ ಟ್ರಂಕಿನಲ್ಲಿ ಇಂಥ ಚಾಕು ಸಿಕ್ಕರೆ ಮೊದಲು ಉಜ್ಜಬೇಡಿ, ಓದಿ. ಮುದ್ರೆಯ ಫೋಟೊ ತೆಗೆದಿಡಿ. ಕೆಂಪು ತುಕ್ಕಿದ್ದರೆ ಎಣ್ಣೆ ಹಾಕಿ ಒಂದು ದಿನ ಬಿಟ್ಟು ಬಟ್ಟೆಯಿಂದ ಒರೆಸಿ. ಚರ್ಮದ ಒರೆಯಲ್ಲಿ ವರ್ಷಗಟ್ಟಲೆ ಇಡಬೇಡಿ; ಚರ್ಮ ತೇವ ಹಿಡಿದಿಟ್ಟು ಬ್ಲೇಡು ಕೊರೆಯುತ್ತೆ. ಒರೆ ಬೇರೆ, ಚಾಕು ಬೇರೆ ಇಡಿ. ಕೊಬ್ಬರಿ ಎಣ್ಣೆ ದಿನ ಕಳೆದಂತೆ ಅಂಟಾಗುತ್ತೆ, ಹೊಲಿಗೆ ಮೆಷಿನ್ ಎಣ್ಣೆ ಮೇಲು.

ಕೊಳ್ಳೋರಿಗೆ ಒಂದು ಎಚ್ಚರಿಕೆ. ಶೆಫೀಲ್ಡಿನ ಎಷ್ಟೋ ಹಳೇ ಚಾಕುಗಳ ಹಿಡಿ ಭಾರತದಿಂದ ಹಡಗು ಹತ್ತಿ ಹೋದ ಕಡವೆ ಕೊಂಬಿನದು. ಇಂಥವನ್ನ ಇಲ್ಲಿ ಕೊಳ್ಳೋಕೆ, ಮಾರೋಕೆ ಹೋದರೆ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತೆ. ಮನೆ, ತೋಟದ ಕೆಲಸಕ್ಕಲ್ಲದ, ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲ ಬ್ಲೇಡಿನ ಕತ್ತಿಗಳು ಆಯುಧ ನಿಯಮಗಳ ಪಟ್ಟಿಗೆ ಬರುತ್ತವೆ. ಮೆಟ್ರೊಗೆ, ವಿಮಾನದ ಕೈಚೀಲಕ್ಕೆ ಯಾವ ಚಾಕುವೂ ಬೇಡ. ನಾನು ಒಯ್ದದ್ದು ಕಾರಿನ ಡಿಕ್ಕಿಯಲ್ಲಿ, ಬಟ್ಟೆ ಸುತ್ತಿ.

ಕೈಲ್ ಪೊಳ್ದ್ ಬಹುತೇಕ ಕಡೆ ಸೆಪ್ಟೆಂಬರ್ 3ಕ್ಕೆ. ಆದರೆ ಅದು ಮನೆಯೊಳಗಿನ ಹಬ್ಬ, ಕರೆದರೆ ಮಾತ್ರ ಹೋಗಬೇಕು. ಹಳೇ ಆಯುಧ ನೋಡೋ ಆಸೆ ಇದ್ದರೆ ಮಡಿಕೇರಿ ಕೋಟೆಯೊಳಗೆ, ಹಿಂದೆ ಚರ್ಚ್ ಆಗಿದ್ದ ಕಟ್ಟಡದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆ.

ಅಪ್ಪನ ಹೆಬ್ಬೆರಳು

ಮುಂದಿನ ವಾರಾಂತ್ಯ ಊರಿಗೆ ಹೋದೆ. ಅಪ್ಪ ಜಗಲಿಯಲ್ಲಿ ಪೇಪರ್ ಓದ್ತಿದ್ದರು. ಏನೂ ಹೇಳದೆ ಚಾಕು ಪಕ್ಕದಲ್ಲಿಟ್ಟೆ. ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಕನ್ನಡಕ ತೆಗೆದು, ಚಾಕು ಎತ್ತಿ, ಅಳಿದ ನಕ್ಷತ್ರ ನೋಡಿದರು. ಗಿಡ್ಡವಾದ ತುದಿ ನೋಡಿದರು. ಹೊಸದಾಗಿ ಕಟ್ಟಿದ ಕಪ್ಪು ಬಣ್ಣ ನೋಡಿದರು. ಹೆಬ್ಬೆರಳನ್ನ ಅಂಚಿಗೆ ಅಡ್ಡಲಾಗಿ ಹಗುರಾಗಿ ಎಳೆದರು, ಅಜ್ಜಯ್ಯ ಮಾಡ್ತಿದ್ದ ಹಾಗೇ.

‘ಯಾರು ಮಸೆದದ್ದು?’

‘ನಾನೇ, ಅಪ್ಪ.’

‘ಎಷ್ಟು ಹೊತ್ತು?’

‘ಎರಡು ಸಂಜೆ.’

ಅಪ್ಪ ಎದ್ದು ಒಳಗೆ ಹೋದರು. ಮುಗೀತು, ಇವತ್ತೂ ಮಾತಿಲ್ಲ ಅಂದುಕೊಂಡೆ. ಐದು ನಿಮಿಷಕ್ಕೆ ಒಂದು ಹಲಸಿನಕಾಯಿ, ಎಣ್ಣೆ ಬಟ್ಟಲು, ಹಳೇ ಪೇಪರ್ ಹಿಡ್ಕೊಂಡು ಬಂದು ನನ್ನೆದುರು ಕೂತರು. ‘ಕೈಗೆ ಎಣ್ಣೆ ಹಚ್ಕೋ, ಮೇಣ ಅಂಟುತ್ತೆ’ ಅಂತ ಚಾಕುವನ್ನ ಹಿಡಿ ಮುಂದೆ ಮಾಡಿ ಕೊಟ್ಟರು.